ಗಲ್ಲಾದಷ್ಟೇ ಎತ್ತರದ ಬೈಕು

ಮುಲುಂಡ್‌ನ ಹೋಟೆಲ್ ನವದುರ್ಗಾದ ಗಿರಾಕಿಗಳಲ್ಲಿ ಯಾರನ್ನು ಕೇಳಿದರೂ ಕ್ಯಾಶಿಯರ್ ದೂಜಣ್ಣ ಎತ್ತರದ ಮನುಷ್ಯ ಎಂದೇ ಹೇಳುತ್ತಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮೂವತ್ತು ವರ್ಷಗಳಿಂದ ಅವರು ದೂಜಣ್ಣನನ್ನು ನೋಡಿದ್ದು ಗಲ್ಲಾದ ಹಿಂದೆ, ಎತ್ತರದ ಕುರ್ಚಿಯಲ್ಲಿ, ಸೊಂಟದಿಂದ ಮೇಲಕ್ಕೆ ಮಾತ್ರ. ಅವರು ಊಟಕ್ಕೆಂದು ಇಳಿದು ಗಲ್ಲಾದ ಈಚೆ ಬಂದಾಗ, ಬಿಲ್ಲು ಹಿಡಿದು ನಿಂತ ಗಿರಾಕಿ ಅವರ ತಲೆಯ ಮೇಲಿಂದ ಆಚೆ ನೋಡಿ, "ಕ್ಯಾಶಿಯರ್ ಎಲ್ಲಿ ಹೋದ್ರು?" ಎಂದು ಕೇಳುವುದಿತ್ತು. "ಈಗ ಬರ್ತಾರೆ," ಎಂದು ಸ್ವತಃ ದೂಜಣ್ಣನೇ ಉತ್ತರ ಕೊಟ್ಟು ಊಟಕ್ಕೆ ಹೋಗುತ್ತಿದ್ದರು.

ಅರವತ್ತೊಂದನೆಯ ವಯಸ್ಸಿನಲ್ಲಿ ಅವರು ಗಲ್ಲಾದಿಂದ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹೋಟೆಲಿನವರು ಶಾಲು ಹೊದಿಸಿ, ಇನ್ನು ಮುಂದೇನು ಎಂದು ಕೇಳಿದರು. ಇಂಥ ಪ್ರಶ್ನೆಗೆ ದೇವಸ್ಥಾನ, ಮೊಮ್ಮಕ್ಕಳು, ಬೆಳಗಿನ ವಾಕಿಂಗು ಎಂದು ಹೇಳಿ ಕುಳಿತುಕೊಳ್ಳುವುದು ರೂಢಿ. ಮೈಕು ಕೈಯಲ್ಲಿತ್ತು. ದೂಜಣ್ಣ, "ಬೈಕಿನಲ್ಲಿ ಊರಿಗೆ ಹೋಗಿ ಬರ್ತೇನೆ. ಒಬ್ಬನೇ. ಸೋಲೋ," ಎಂದುಬಿಟ್ಟರು.

ಊರು ಎಂದರೆ ಕಾಪು. ಒಂಬೈನೂರು ಕಿಲೋಮೀಟರಿಗೆ ಹತ್ತಿರ. ಬೈಕು ಎಂದರೆ, ಮದುವೆಗೆ ಮುಂಚೆ ಹೋಟೆಲಿನ ತರಕಾರಿ ತರಲು ಅವರು ಓಡಿಸುತ್ತಿದ್ದ ರಾಜ್‌ದೂತ್. ಅದಾದ ಮೇಲೆ ಅವರು ಎರಡು ಚಕ್ರದ ಯಾವುದನ್ನೂ ಮುಟ್ಟಿರಲಿಲ್ಲ. ಆದರೆ ಚಪ್ಪಾಳೆ ಬಿದ್ದಿತು, ಯಾರೋ ಫೋಟೋ ತೆಗೆದರು, ಸಂಜೆಯ ಒಳಗೆ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಹೆಬ್ಬೆರಳುಗಳು ಎದ್ದು ನಿಂತಿದ್ದವು. ಹಿಂದೆ ಸರಿಯುವ ದಾರಿ ಮುಚ್ಚಿತು.

"ಒಬ್ಬನೇ?" ಎಂದು ಮನೆಯಲ್ಲಿ ಹೆಂಡತಿ ಸೇವಂತಿ ಕೇಳಿದರು. "ಹಾಗಾದ್ರೆ ನಾನು ಎಂತ, ಲಗೇಜಾ? ನಾನು ಟ್ರೇನಲ್ಲಿ ಬರ್ಬೇಕು, ಉಪ್ಪಿನಕಾಯಿ ಭರಣಿ ಹಿಡ್ಕೊಂಡು?"

"ಸೋಲೋ ಅಂದ್ರೆ ಹಾಗೇ ಸೇವಂತಿ. ಅದು ಒಂದು ಪದ್ಧತಿ."

"ಇರ್ಲಿ. ಪದ್ಧತಿಗೆ ಊಟ ಯಾರು ಹಾಕ್ತಾರೆ ನೋಡುವ."

ಬೈಕಿನ ಶೋಧ ಶುರುವಾಯಿತು. ಬಾಂದ್ರಾದಲ್ಲಿ ನೋಡಿದ ಮೊದಲನೆಯದು ರೇಸಿನ ಜಾತಿಯದು. ಅದರ ಮೇಲೆ ಕುಳಿತಾಗ ಹೊಟ್ಟೆ ಟ್ಯಾಂಕಿನ ಮೇಲೆ ಬಿತ್ತು, ಗದ್ದ ಮೀಟರಿಗೆ ತಾಗಿತು. ದೂಜಣ್ಣ ಯಾರಿಗೋ ಸಾಷ್ಟಾಂಗ ನಮಸ್ಕಾರ ಮಾಡುತ್ತಿರುವಂತೆ ಕಂಡಿತು. ಮುಲುಂಡ್‌ನಲ್ಲೇ ನೋಡಿದ ಎರಡನೆಯದರಲ್ಲಿ ಕಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಒರಗಬೇಕು. ಕುಳಿತೊಡನೆ ತಮಗೇ ಅರಿವಿಲ್ಲದೆ ಗದ್ದ ಮೇಲೆತ್ತಿ ಕಣ್ಣು ಮುಚ್ಚಿದರು. "ಇದು ಕ್ಷೌರದ ಕುರ್ಚಿ," ಎಂದು ಇಳಿದು ಬಂದರು.

ಮಗಳು ನಿಶ್ಮಿತಾ ಕೊನೆಗೆ ಫೋನಿನಲ್ಲಿ ಹುಡುಕಿ ಕೊಟ್ಟಳು. "ಪಪ್ಪಾ, ನಿಮ್ಗೆ ಬೇಕಾದ್ದು ಸ್ಪೋರ್ಟ್ ಟೂರಿಂಗ್. ಸೀಧಾ ಬೈಠ್ ಸಕ್ತೇ ಹೋ, ನೆಟ್ಟಗೆ. ಲಾಂಗ್ ರೈಡ್‌ಗೆ ಬೆಸ್ಟ್. ಬೊರಿವಲಿಯಲ್ಲಿ ಒಂದು ಇದೆ, ಸಿಂಗಲ್ ಓನರ್. ಬಟ್ ಸೀಟ್ ಹೈಟ್ ನೋಡಿ, ಎಂಟುನೂರ ನಲವತ್ತು ಮಿಲಿಮೀಟರ್. ನಿಮ್ಗೆ ಆಗ್ತದಾ?"

ದೂಜಣ್ಣ ಮಾತಿನ ಮೇಲೆ ನಂಬಿಕೆ ಇಡುವವರಲ್ಲ. ಟೇಪು ತೆಗೆದುಕೊಂಡು ನೇರ ನವದುರ್ಗಾಕ್ಕೆ ಹೋಗಿ, ಹೊಸ ಕ್ಯಾಶಿಯರನ್ನು ಎಬ್ಬಿಸಿ, ಗಲ್ಲಾದ ಕುರ್ಚಿಯನ್ನು ನೆಲದಿಂದ ಸೀಟಿನವರೆಗೆ ಅಳೆದರು. ಸರಿಯಾಗಿ ಮೂವತ್ತಮೂರು ಇಂಚು. ಎಂಟುನೂರ ನಲವತ್ತು ಮಿಲಿಮೀಟರೂ ಅಷ್ಟೇ. ಮೂವತ್ತು ವರ್ಷ ಕಾಲು ಊರಿ ಕುಳಿತ ಎತ್ತರದಲ್ಲಿ ಇನ್ನು ಕೆಲವು ವರ್ಷ ಕೂರಲು ಏನು ಅಡ್ಡಿ? ಅಳತೆಯಲ್ಲಿ ತಪ್ಪಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಬೊರಿವಲಿಗೆ ಹೋದರು. ಸೇವಂತಿ ಬಂದದ್ದು ಒಂದೇ ಕಾರಣಕ್ಕೆ: ದೂಜಣ್ಣ ಅಲ್ಲೇ ಚೆಕ್ಕು ಬರೆದುಬಿಡಬಾರದು. ಚೆಕ್ಕುಪುಸ್ತಕ, ಪಾಕೀಟು ಎರಡನ್ನೂ ಸೇವಂತಿಯೇ ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದಿದ್ದರು.

ಬೈಕಿನ ಮಾಲೀಕ ಅನಿಲ ಬ್ಯಾಂಕಿನ ನೌಕರ. ಅವನ ತಾಯಿ ರುಕ್ಮಿಣಿಬಾಯಿ ಗಡಿಯಾಚೆ ಕನ್ನಡ ಮಾತಾಡುವ ಜತ್ತದ ಕಡೆಯವರು. ಬಂದವರು ಕನ್ನಡದವರೆಂದು ತಿಳಿದೊಡನೆ ಬೈಕಿನ ಮಾತು ಬಿಟ್ಟು, "ಬರ್ರಿ, ಬರ್ರಿ, ಚಾ ಕುಡೀರಿ ಮೊದ್ಲ," ಎಂದು ಸೇವಂತಿಯನ್ನು ಮೂರನೆಯ ಮಹಡಿಗೆ ಎಳೆದುಕೊಂಡು ಹೋಗಲು ನೋಡಿದರು.

ಬೈಕು ಕೆಳಗೆ ಬಿಲ್ಡಿಂಗಿನ ಸಿಮೆಂಟ್ ಕಟ್ಟೆಯ ಪಕ್ಕದಲ್ಲಿ ನಿಂತಿತ್ತು. ದೂಜಣ್ಣ ಅದನ್ನು ಪರೀಕ್ಷಿಸಿದ ರೀತಿ ಮಾದರಿಯಾಗಿತ್ತು. ಟೈರಿನ ಬದಿಯಲ್ಲಿ ಅದು ತಯಾರಾದ ವಾರವನ್ನೂ ವರ್ಷವನ್ನೂ ಓದಿದರು. ಚೈನನ್ನು ಬೆರಳಿನಿಂದ ಎತ್ತಿ ನೋಡಿದರು. ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗಿದೆಯೇ ಎಂದು ಕರವಸ್ತ್ರದಿಂದ ಒರಸಿ ಮೂಸಿದರು. ಎಂಜಿನ್ನಿನ ಮೇಲೆ ಅಂಗೈ ಇಟ್ಟು, "ತಣ್ಣಗುಂಟು. ಒಳ್ಳೇದು. ಬೆಳಗ್ಗಿನ ವಡೆಯನ್ನು ಪುನಃ ಎಣ್ಣೆಗೆ ಬಿಟ್ಟು ಬಿಸಿ ಮಾಡಿ ಇಟ್ಟದ್ದಲ್ಲ," ಎಂದರು. ಕೊನೆಗೆ ಕಟ್ಟೆ ಹತ್ತಿ, ಅಲ್ಲಿಂದ ಬೈಕಿನ ಮೇಲೆ ಕಾಲು ಹಾಕಿ ಕುಳಿತರು. ಎಡಗಾಲು ಕಟ್ಟೆಯ ಮೇಲೆ ಹಾಯಾಗಿತ್ತು. ಬೆನ್ನು ನೆಟ್ಟಗಿತ್ತು. ಬಲಗೈ ತಾನಾಗಿ ಮುಂದೆ ಚಾಚಿ, ಗಲ್ಲಾದ ಡ್ರಾಯರ್ ಇರಬೇಕಾದ ಜಾಗದಲ್ಲಿ ಎಕ್ಸಿಲರೇಟರನ್ನು ಹಿಡಿಯಿತು.

"ಸೇವಂತಿ," ಎಂದರು ಮೆಲ್ಲಗೆ, "ಇದು ಗಲ್ಲಾ."

"ಅಂಕಲ್, ಟ್ರಯಲ್ ಬಿಂದಾಸ್ ತೊಗೋರಿ," ಎಂದ ಅನಿಲ. "ಲೇಕಿನ್ ಏನರ ಡೆಪಾಸಿಟ್ ಇಡಬೇಕಾಗ್ತದ. ಹೋದ ತಿಂಗಳ ಒಬ್ಬಾಂವ ಟ್ರಯಲ್ ಅಂತ ಒಯ್ದ, ಸೀಧಾ ವಸಯಿಗೆ ಹೋಗಿ ಅತ್ತಿ ಮನ್ಯಾಗ ಊಟಾ ಮಾಡಿ ಬಂದ."

ಡೆಪಾಸಿಟ್ ಎಂಬ ಮಾತು ಕೇಳಿ ಗಂಡ ಹೆಂಡತಿ ಇಬ್ಬರೂ ಗಂಭೀರರಾದರು. ನವದುರ್ಗಾದಲ್ಲಿ ಸಾಂಬಾರು ಪಾರ್ಸೆಲ್ ಬೇಕಾದವರಿಗೆ ಸ್ಟೀಲ್ ಡಬ್ಬಿ ಕೊಡುವ ಪದ್ಧತಿ. ಅದಕ್ಕೆ ಡೆಪಾಸಿಟ್ ಇಡಬೇಕು. 'ಡಬ್ಬಿ ಬಂದರೆ ಮಾತ್ರ ಡೆಪಾಸಿಟ್ ವಾಪಸು' ಎಂದು ಗಲ್ಲಾದ ನೆತ್ತಿಯ ಮೇಲೆ ಬರೆದಿತ್ತು. ಹೋಟೆಲಿನ ಮಾಲೀಕರ ಸ್ವಂತ ಮಾವನಿಗೂ ದೂಜಣ್ಣ ಇದರಲ್ಲಿ ರಿಯಾಯಿತಿ ಕೊಟ್ಟಿರಲಿಲ್ಲ. ಈಗ ಅವರು ಜೇಬು ಮುಟ್ಟಿಕೊಂಡರು. ಪಾಕೀಟಿಲ್ಲ. ಗಾಡಿ ಓಡಿಸುವಾಗ ಮಾತಾಡಬಾರದೆಂದು ಫೋನನ್ನು ಸೇವಂತಿ ಮೊದಲೇ ಕಸಿದುಕೊಂಡಿದ್ದರು. ಉಳಿದದ್ದು ಒಂದೇ.

"ಇವಳು ಇಲ್ಲೇ ಇರ್ತಾಳೆ," ಎಂದರು ದೂಜಣ್ಣ. "ಈ ಮೂಲೆಗೆ ಹೋಗಿ ತಿರುಗಿಸಿ ಬರ್ತೇನೆ."

ಸೇವಂತಿ ಕ್ಷಣ ಯೋಚಿಸಿ, "ಆಯ್ತು. ಡಬ್ಬಿ ತನ್ನಿ," ಎಂದರು.

ಮೂಲೆಯಲ್ಲಿ ಸಿಗ್ನಲ್ ಕೆಂಪಾಗಿತ್ತು. ದೂಜಣ್ಣ ಶಾಸ್ತ್ರೋಕ್ತವಾಗಿ ವೇಗ ಇಳಿಸಿ, ನಿಲ್ಲಿಸಿ, ಎಡಗಾಲನ್ನು ನೆಲಕ್ಕೆ ಬಿಟ್ಟರು. ನೆಲ ಅಲ್ಲಿರಲಿಲ್ಲ.

ಮೂವತ್ತು ವರ್ಷ ಗಲ್ಲಾದ ಕುರ್ಚಿಯಲ್ಲಿ ಅವರ ಕಾಲು ಊರಿದ್ದು ನೆಲದ ಮೇಲಲ್ಲ, ಗಲ್ಲಾದ ಅಡಿಗೆ ಬಡಗಿ ಜೋಡಿಸಿದ್ದ ಗೇಣೆತ್ತರದ ಹಲಗೆಯ ಮೇಲೆ. ಆ ಹಲಗೆ ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಟೇಪು ಹಿಡಿದು ಬಗ್ಗಿದಾಗಲೂ ಅದು ಕಣ್ಣಿಗೆ ಬೀಳಲಿಲ್ಲ. ಈಗ ಅದರ ನೆನಪು ಬರುವ ಹೊತ್ತಿಗೆ ಇನ್ನೂರು ಕಿಲೋ ಮೀರಿದ ಬೈಕು ಎಡಕ್ಕೆ ವಾಲತೊಡಗಿತ್ತು. ಅವರು ಪಕ್ಕದ ಆಟೋರಿಕ್ಷಾದ ಸರಳನ್ನು ಹಿಡಿದುಕೊಂಡರು.

ಒಳಗೆ ಮೀನಿನ ಚೀಲ ಹಿಡಿದ ಹೆಂಗಸೊಬ್ಬಳು ಕುಳಿತಿದ್ದಳು. "ಭಾಯ್‌ಸಾಬ್, ಏ ರಿಕ್ಷಾ ಭರಾ ಹುವಾ ಹೈ," ಎಂದು ಜಾಗವಿಲ್ಲವೆಂದಳು.

"ಮೈ ಬೈಠ್‌ತಾ ನಹೀ. ಸಿರ್ಫ್ ಪಕಡ್‌ತಾ ಹೂಂ," ಎಂದರು, ಕೂರುವವರಲ್ಲ, ಹಿಡಿದವರಷ್ಟೇ ಆದ ದೂಜಣ್ಣ.

ಸಿಗ್ನಲ್ ಹಸಿರಾಯಿತು. ರಿಕ್ಷಾ ಹೈವೇಗೆ ತಿರುಗಿತು. ಅದರೊಡನೆ ದೂಜಣ್ಣನೂ ತಿರುಗಿದರು. ಕೈ ಬಿಟ್ಟಾಗ ಅವರು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ದಕ್ಷಿಣಾಭಿಮುಖವಾಗಿದ್ದರು. ಯೂ ಟರ್ನ್ ಮಾಡಲು ನಿಧಾನ ಮಾಡಬೇಕು, ನಿಧಾನ ಮಾಡಿದರೆ ಕಾಲು ಬೇಕು. ಆದ್ದರಿಂದ ಅವರು ನಿಧಾನ ಮಾಡಲಿಲ್ಲ. ಕಾಂದಿವಲಿ ಬಂತು, ಹೋಯಿತು. ಮಲಾಡ್, ಗೋರೆಗಾಂವ್, ಅಂಧೇರಿ, ಎಲ್ಲವೂ ಬಂದು ಹೋದವು. ಫ್ಲೈಓವರುಗಳ ದಯೆಯಿಂದ ಎಲ್ಲಿಯೂ ನಿಲ್ಲುವ ಪ್ರಮೇಯ ಬರಲಿಲ್ಲ. ಓಡುವಷ್ಟು ಹೊತ್ತು ಬೈಕು ಬಂಗಾರದಂತಿತ್ತು ಎಂಬುದನ್ನೂ ಹೇಳಬೇಕು. ಜೋಗೇಶ್ವರಿಯ ಬಳಿ ದೂಜಣ್ಣ ಹಾಡೊಂದನ್ನು ಗುನುಗಿದರು. ಸಾಂತಾಕ್ರೂಜ್‌ನಲ್ಲಿ ಹೆಂಡತಿಯ ನೆನಪಾಗಿ ನಿಲ್ಲಿಸಿದರು, ಹಾಡನ್ನು ಮಾತ್ರ.

ಬಾಂದ್ರಾದಲ್ಲಿ ರಸ್ತೆ ಅವರನ್ನು ಸಮುದ್ರ ಸೇತುವೆಯ ಕಡೆಗೆ ಒಯ್ದಿತು. ಆ ಸೇತುವೆಯ ಮೇಲೆ ಎರಡು ಚಕ್ರದ ವಾಹನಗಳಿಗೆ ಪ್ರವೇಶವಿಲ್ಲ. ದೂಜಣ್ಣ ಬೋರ್ಡನ್ನು ನೋಡಲಿಲ್ಲ. ಅವರ ಕಣ್ಣು ಎಡಬದಿಯ ಕಾಂಕ್ರೀಟ್ ಕಟ್ಟೆಯ ಮೇಲಿತ್ತು. ಗೇಣೆತ್ತರ! ಬ್ರೇಕ್ ಹಾಕಿ, ಎಡಗಾಲನ್ನು ಅದರ ಮೇಲೆ ಇಟ್ಟು, ಬೊರಿವಲಿ ಬಿಟ್ಟ ಮೇಲೆ ಮೊದಲ ಬಾರಿಗೆ ಉಸಿರುಬಿಟ್ಟರು.

ಟ್ರಾಫಿಕ್ ಕಾನ್ಸ್‌ಟೇಬಲ್ ಸೀಟಿ ಊದುತ್ತ ಬಂದರು. ಎದೆಯ ಪಟ್ಟಿಯ ಮೇಲೆ ಯಲ್ಲಾಲಿಂಗ ಎಂದಿತ್ತು.

"ತಾವು ಕನ್ನಡದವ್ರಾ?" ಎಂದು ದೂಜಣ್ಣ ಕೇಳಿದರು.

"ಹೌದ್ರೀ, ಅಕ್ಕಲಕೋಟಿ ಕಡಿಯಾಂವ. ಅದಿರ್ಲಿ. ಬೋರ್ಡ್ ಕಾಣಂಗಿಲ್ಲೇನ್ರೀ ಕಾಕಾ? ಇಲ್ಲಿ ಟೂ ವೀಲರ್ ಹೋಗಂಗಿಲ್ಲ."

"ನಾನು ಹೋಗ್ಲಿಕ್ಕೆ ಬಂದದ್ದಲ್ಲ, ನಿಲ್ಲಲಿಕ್ಕೆ ಬಂದದ್ದು."

"ನಿಂದ್ರೂದೂ ಮನಾ ಅದ. ಇಳೀರಿ."

"ಇಳೀಲಿಕ್ಕೆ ಆಗ್ತಿದ್ರೆ ಬೊರಿವಲಿಯಲ್ಲೇ ಇಳೀತಿದ್ದೆ ಸಾಹೇಬ್ರೆ."

ಯಲ್ಲಾಲಿಂಗ ಬೈಕನ್ನು ಒಮ್ಮೆ, ಕಟ್ಟೆಯ ಮೇಲಿನ ಕಾಲನ್ನು ಒಮ್ಮೆ ನೋಡಿದರು. "ಗಾಡಿ ಯಾರದು?"

"ಬೊರಿವಲಿಯ ಅನಿಲಂದು."

"ನೀವು ಕದ್ಕೊಂಡು ಬಂದಿಲ್ಲ ಅಂತ ಪುರಾವೆ ಏನ್ ಅದ?"

"ಹೆಂಡತಿಯನ್ನು ಅಲ್ಲಿ ಡೆಪಾಸಿಟ್ ಇಟ್ಟು ಬಂದಿದ್ದೇನೆ."

ಯಲ್ಲಾಲಿಂಗ ಸೀಟಿಯನ್ನು ಜೇಬಿಗೆ ಹಾಕಿದರು. ಅವರ ಸೇವೆಯಲ್ಲಿ ಇಂಥ ಪುರಾವೆ ಇದೇ ಮೊದಲು. ಫೋನ್ ನಂಬರ್ ಕೊಡಿ ಎಂದರು. ದೂಜಣ್ಣನಿಗೆ ಬಾಯಿಪಾಠವಾಗಿದ್ದ ನಂಬರು ಜಗತ್ತಿನಲ್ಲಿ ಒಂದೇ: ನವದುರ್ಗಾದ್ದು.

"ನವದುರ್ಗಾ. ಎಂತ ಪಾರ್ಸೆಲ್?" ಎಂದಿತು ಆ ಕಡೆಯ ದನಿ.

"ಪಾರ್ಸೆಲ್ ಅಲ್ರೀ, ಪೊಲೀಸ್. ನಿಮ್ಮ ಮನ್ಷ್ಯಾ ಒಬ್ಬಾಂವ ಬಾಂದ್ರಾದಾಗ ಬೈಕಿನ ಮ್ಯಾಲ ಅದಾನ. ಹೆಂಡ್ತೀನ್ನ ಬೊರಿವಲಿಯಾಗ ಡೆಪಾಸಿಟ್ ಇಟ್ಟೀನಿ ಅಂತಾನ. ಖರೇ ಏನು?"

ಭಾನುವಾರದ ಮಸಾಲೆ ದೋಸೆಯ ಹೊತ್ತು. ಹೊಸ ಕ್ಯಾಶಿಯರ್ "ಹೆಂಡತಿ ಡೆಪಾಸಿಟ್ಟಾ?" ಎಂದು ಗಟ್ಟಿಯಾಗಿ ಕೇಳಿದ್ದನ್ನು ಮೊದಲ ಟೇಬಲಿನವರು ಕೇಳಿಸಿಕೊಂಡರು. ಸುದ್ದಿ ಮೂರನೆಯ ಟೇಬಲು ಮುಟ್ಟುವಾಗ ದೂಜಣ್ಣ ಹೆಂಡತಿಯನ್ನು ಅಡವಿಟ್ಟಿದ್ದರು. ಫ್ಯಾಮಿಲಿ ರೂಮಿನಲ್ಲಿ ಮಾರಿದ್ದರು. ಕೈ ತೊಳೆಯುವ ಜಾಗಕ್ಕೆ ತಲುಪುವಾಗ ಬೈಕಿನಲ್ಲಿ ಗೋವಾಕ್ಕೆ ಓಡಿಹೋಗುತ್ತಿದ್ದವರನ್ನು ಬಾಂದ್ರಾ ಪೊಲೀಸರು ಗುಂಡು ಹಾರಿಸಿ ಹಿಡಿದಿದ್ದರು. ಅಡಿಗೆಮನೆಯಲ್ಲಿದ್ದ ಸೇವಂತಿಯ ತಮ್ಮ ಸುಕೇಶ್ ಸೌಟು ಹಿಡಿದುಕೊಂಡೇ ಹೊರಗೆ ಬಂದ.

"ನನ್ನ ಅಕ್ಕನನ್ನು?" ಎಂದು ಗುಡುಗಿದ. "ಸೆಕೆಂಡ್ ಹ್ಯಾಂಡ್ ಬೈಕಿಗೆ?"

ಹೊಸ ಬೈಕಾಗಿದ್ದರೆ ಅವನ ನಿಲುವು ಏನಿರುತ್ತಿತ್ತೋ ತಿಳಿಯದು. ನಿಶ್ಮಿತಾಳನ್ನೂ ಇಬ್ಬರು ವೇಟರುಗಳನ್ನೂ ಟ್ಯಾಕ್ಸಿಯಲ್ಲಿ ತುಂಬಿಕೊಂಡು ಅವನು ಬೊರಿವಲಿಗೆ ಹೊರಟ.

ಬೊರಿವಲಿಯಲ್ಲಿ ಸೇವಂತಿ ರುಕ್ಮಿಣಿಬಾಯಿಯ ಅಡಿಗೆಮನೆಯಲ್ಲಿ ಗೇಣೆತ್ತರದ ನಾಲ್ಕು ಕಾಲಿನ ಸಾಗುವಾನಿ ಮಣೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಅದು ರುಕ್ಮಿಣಿಬಾಯಿ ತವರಿನಿಂದ ತಂದ ಮಣೆ. ಮೊಣಕಾಲು ನೋವು ಬಂದ ಮೇಲೆ ಅವರು ಅದರ ಮೇಲೆ ಕೂರುವುದನ್ನು ಬಿಟ್ಟಿದ್ದರು.

ಬಾಲ್ಕನಿಯಲ್ಲಿ ಅನಿಲ ಅತ್ತಿಂದಿತ್ತ ಓಡಾಡುತ್ತಿದ್ದ. "ಆಂಟಿ, ಅಂಕಲ್ ಎಲ್ಲಿ ಹೋದ್ರು?"

"ಬರ್ತಾರೆ. ಡೆಪಾಸಿಟ್ ಇಲ್ಲೇ ಉಂಟಲ್ಲ, ಹೆದರ್ಬೇಡಿ."

ಸೊಸೈಟಿಯ ಸೆಕ್ರೆಟರಿಯವರೂ ಮೇಲೆ ಬಂದರು. ವಾಚ್‌ಮನ್ ಅವರಿಗೆ 'ತೀಸ್ರೇ ಮಾಲೆ ಪೆ ಏಕ್ ಆಂಟಿ ಡೆಪಾಸಿಟ್ ಮೆ ಹೈ' ಎಂದು ವರದಿ ಮಾಡಿದ್ದ. ಬಾಡಿಗೆದಾರರಿಗೆ, ಪೇಯಿಂಗ್ ಗೆಸ್ಟುಗಳಿಗೆ, ನಾಯಿಗಳಿಗೆ ಸೊಸೈಟಿಯ ನಿಯಮಗಳಿವೆ. ಡೆಪಾಸಿಟ್ಟಿಗೆ ಇಲ್ಲ ಎಂಬುದು ಅವರ ಕಳವಳ. "ಇವರು ಒಂದು ರಾತ್ರಿ ಉಳಿದರೆ ಮೀಟಿಂಗ್ ಕರೀಬೇಕಾಗ್ತದೆ," ಎಂದು ಹಿಂದಿಯಲ್ಲಿ ಎಚ್ಚರಿಸಿದರು.

"ಕರೀರಿ, ಕರೀರಿ," ಎಂದರು ರುಕ್ಮಿಣಿಬಾಯಿ. "ಲಿಫ್ಟ್ ಕೆಟ್ಟು ಎಷ್ಟ ದಿನಾ ಆತು, ಅದಕ್ಕೊಂದ ಮೀಟಿಂಗ್ ಕರ್ದಿಲ್ಲ. ಅಕ್ಕಾರ, ನೀವು ಇಲ್ಲೇ ಇರ್ರಿ. ಎಷ್ಟ ದಿನಾ ಆದ್ರೂ ಇರ್ರಿ."

ಅಷ್ಟರಲ್ಲಿ ಕೆಳಗೆ ಗೇಟಿನಲ್ಲಿ ಗದ್ದಲವಾಯಿತು. ಸುಕೇಶ್ ಸೌಟು ಎತ್ತಿ ಹಿಡಿದು, "ಅಕ್ಕಾ! ಇಳಿದು ಬಾ! ಯಾರು ತಡೀತಾರೆ ನಾನು ನೋಡ್ತೇನೆ!" ಎಂದು ಕೂಗುತ್ತಿದ್ದ. ತಡೆಯುತ್ತಿದ್ದದ್ದು ವಾಚ್‌ಮನ್ ಒಬ್ಬನೇ, ಅದೂ ಸೌಟಿನಿಂದ ಚಟ್ನಿ ಹಾರುತ್ತಿದೆ ಎಂಬ ಕಾರಣಕ್ಕೆ.

ಸೇವಂತಿ ಬಾಲ್ಕನಿಗೆ ಬಂದರು. "ನಾನು ಬರುದಿಲ್ಲ."

"ಎಂತ?"

"ಡಬ್ಬಿ ಬರ್ದೆ ಡೆಪಾಸಿಟ್ ಹೊರಡ್ತದಾ? ಮೂವತ್ತು ವರ್ಷ ಹೋಟ್ಲಲ್ಲಿ ಎಂತ ಕಲ್ತದ್ದು ನೀನು?"

ಸುಕೇಶ್‌ನ ಸೌಟು ಕೆಳಗಿಳಿಯಿತು. ಇಬ್ಬರು ವೇಟರುಗಳೂ ತಲೆ ತಗ್ಗಿಸಿದರು. ನಿಯಮ ನಿಯಮವೇ.

ಆಗ ಸೇವಂತಿಯ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ದೋಸೆಯ ನೂಕುನುಗ್ಗಲು ಮುಗಿದ ಮೇಲಷ್ಟೇ ನವದುರ್ಗಾದವರು ಅವರ ನಂಬರು ಕೊಟ್ಟು ಯಲ್ಲಾಲಿಂಗರನ್ನು ಸಾಗಹಾಕಿದ್ದರು. "ಅವ್ವಾರ, ನಿಮ್ಮ ಯಜಮಾನ್ರು ಕಟ್ಟಿ ಬಿಟ್ಟು ಇಳ್ಯಾಕ ತಯಾರ್ ಇಲ್ಲ. ಕಾಲು ನೆಲಕ್ಕ ಮುಟ್ಟಂಗಿಲ್ಲ. ಹಿಂದ ನೂರು ಕಾರು ಹಾರ್ನ್ ಹೊಡ್ಯಾಕತ್ತಾವ."

"ಎಷ್ಟು ಕಮ್ಮಿ?"

"ಏನು?"

"ಕಾಲು ಎಷ್ಟು ಕಮ್ಮಿ ಬೀಳ್ತದೆ?"

ಹಾರ್ನುಗಳ ನಡುವೆಯೇ ಯಲ್ಲಾಲಿಂಗ ಬಗ್ಗಿ ಅಳೆದರು. "ಒಂದು ಗೇಣು."

ಸೇವಂತಿ ಒಳಗೆ ಹೋಗಿ, ತಾವು ಆವರೆಗೆ ಕುಳಿತಿದ್ದ ಮಣೆಯನ್ನು ನೋಡಿದರು. "ಗಲ್ಲಾದ ಹಲಗೆ," ಎಂದರು. ಫೋನಿಗೆ, "ದೂಡಿ ಕಳಿಸಿ ಸಾಹೇಬ್ರೆ. ಇಲ್ಲಿ ಇಳಿಸಿಕೊಳ್ತೇನೆ," ಎಂದರು.

ಬಾಂದ್ರಾದಲ್ಲಿ ಯಲ್ಲಾಲಿಂಗ ವಾಹನಗಳನ್ನು ತಡೆದು, ದೂಜಣ್ಣ ಕುಳಿತಿದ್ದಂತೆಯೇ ಬೈಕನ್ನು ಹಿಂದಿನಿಂದ ಹಿಡಿದು ತಿರುಗಿಸಿ, ಉತ್ತರಕ್ಕೆ ಮುಖ ಮಾಡಿ ದೂಡಿದರು. "ಕಾಕಾ, ನಿಂದರಬ್ಯಾಡ್ರಿ!" ಎಂದು ಟ್ರಾಫಿಕ್ ಕಾನ್ಸ್‌ಟೇಬಲರೊಬ್ಬರು ಸಾರ್ವಜನಿಕರಿಗೆ ಕೂಗಿ ಹೇಳಿದ್ದು ಅದೊಂದೇ ಸಲ ಇರಬಹುದು.

ಬೊರಿವಲಿಯ ಗೇಟಿನಲ್ಲಿ ಎರಡು ಬಿಲ್ಡಿಂಗಿನ ಜನ ಸೇರಿದ್ದರು. ಹೇಗೆ ನಿಲ್ಲಿಸುವುದೆಂಬ ಬಗ್ಗೆ ಒಮ್ಮತವಿರಲಿಲ್ಲ. ಸೆಕ್ರೆಟರಿಯವರು ಹಾಸಿಗೆ ಹಾಸಬೇಕೆಂದರು, ಆದರೆ ಸೊಸೈಟಿಯ ಹಾಸಿಗೆಯಲ್ಲ. ಸುಕೇಶ್ ತಾನು ಭಾವನನ್ನು ಓಡುತ್ತಲೇ ಎತ್ತಿಕೊಳ್ಳುತ್ತೇನೆ, ಬೈಕು ಬೇಕಾದಲ್ಲಿಗೆ ಹೋಗಲಿ ಎಂದ. ಅನಿಲ ಇದನ್ನು ಬಲವಾಗಿ ವಿರೋಧಿಸಿದ. ನಿಶ್ಮಿತಾ ವೀಡಿಯೊ ತೆಗೆಯುತ್ತ, "ಪಪ್ಪಾ ಆ ರಹೇ ಹೈ!" ಎಂದು ಕಿರುಚಿದಳು.

ಸೇವಂತಿ ಎಲ್ಲರನ್ನೂ ಸರಿಸಿ ಮುಂದೆ ಬಂದರು. ಮಣೆಯನ್ನು ರಸ್ತೆಯ ಮೇಲೆ ಇಟ್ಟರು. ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಮತ್ತೆ ಬಗ್ಗಿ, ಬಾಳೆಯೆಲೆಯ ತುದಿ ಸರಿಪಡಿಸುವಂತೆ, ಸ್ವಲ್ಪ ಎಡಕ್ಕೆ ಸರಿಸಿದರು. ಬೈಕು ಬಂತು, ನಿಧಾನವಾಯಿತು, ವಾಲಿತು. ದೂಜಣ್ಣನ ಎಡಗಾಲು ಇಳಿದು ಮಣೆಯ ನಟ್ಟನಡುವೆ ಕೂತಿತು.

ಯಾರೋ ಚಪ್ಪಾಳೆ ತಟ್ಟಿದರು. ಸೇವಂತಿ ಅನಿಲನ ಕಡೆ ತಿರುಗಿದರು.

"ಡಬ್ಬಿ ಬಂತು. ನನ್ನನ್ನು ವಾಪಸು ಕೊಡಿ."

"ತೊಗೋರಿ ಆಂಟಿ, ತೊಗೋರಿ," ಎಂದ ಅನಿಲ. ಏನನ್ನು ಕೊಡಬೇಕೆಂದು ತಿಳಿಯದೆ ಎರಡೂ ಕೈ ಜೋಡಿಸಿದ.

ದೂಜಣ್ಣ ಇಳಿದು, ಹೆಲ್ಮೆಟ್ ತೆಗೆದು, ಬೈಕಿನ ಟ್ಯಾಂಕನ್ನು ಒಮ್ಮೆ ಸವರಿದರು. "ಬೇಡ ಅನಿಲ. ಗಾಡಿ ಒಳ್ಳೇದು, ಯಾರಾದ್ರೂ ಉದ್ದದವರಿಗೆ ಕೊಡಿ," ಎಂದರು. ಮುಲುಂಡ್‌ನ ಇಬ್ಬರು ವೇಟರುಗಳ ಎದುರಿನಲ್ಲಿ ಅವರು ಹಾಗೆ ಹೇಳಿದ್ದು ಸಣ್ಣ ವಿಷಯವಲ್ಲ.

"ಎಂಜಿನ್ ತಣ್ಣಗಿತ್ತಲ್ಲ?" ಎಂದು ಸೇವಂತಿ ಕೇಳಿದರು.

"ಇತ್ತು."

"ಚೈನು?"

"ಸರಿ ಉಂಟು."

"ಓಡುವಾಗ ಹೇಗಿತ್ತು?"

ದೂಜಣ್ಣ ಮತ್ತೊಮ್ಮೆ ಟ್ಯಾಂಕಿನ ಮೇಲೆ ಕೈಯಾಡಿಸಿದರು. ಜೋಗೇಶ್ವರಿಯ ಹಾಡು ಅವರ ಮುಖದ ಮೇಲೆ ಇನ್ನೂ ಇತ್ತು.

"ಮತ್ತೆ ಬೇಡ ಎಂತಕ್ಕೆ? ರುಕ್ಮಿಣಿಬಾಯಿ, ಈ ಮಣೆ ಕೊಡ್ತೀರಾ?"

"ಒಯ್ರಿ, ಒಯ್ರಿ," ಎಂದರು ರುಕ್ಮಿಣಿಬಾಯಿ. "ನನ್ನ ಮೊಣಕಾಲಿಗೆ ಅದು ಆಗಂಗಿಲ್ಲ. ಬಟ್ಟಿ ಒಣಗ್ಸೂ ಹಗ್ಗಾ ಬೇಕೇನು?"

ಮಳೆಗಾಲ ಮುಗಿದ ಮೇಲೆ ಒಂದು ಬೆಳಗ್ಗೆ ಮುಲುಂಡ್‌ನ ಬಿಲ್ಡಿಂಗಿನವರೆಲ್ಲ ಸೇರಿ ದೂಜಣ್ಣನನ್ನು ಕಾಪುವಿಗೆ ಬೀಳ್ಕೊಟ್ಟರು. ನಾಕಾದ ಸಿಗ್ನಲಿನಲ್ಲಿ ಬೈಕು ನಿಧಾನವಾದಾಗ ಹಿಂದಿನ ಸೀಟಿನಿಂದ ಹಗ್ಗದಲ್ಲಿ ಮಣೆ ಇಳಿಯಿತು, ಟಕ್. ದೂಜಣ್ಣ ಅದರ ಮೇಲೆ ಕಾಲಿಟ್ಟು ಗಲ್ಲಾದಲ್ಲಿ ಕುಳಿತಂತೆ ನೆಟ್ಟಗೆ ಕುಳಿತರು. ಪಕ್ಕದಲ್ಲಿ ದೊಡ್ಡ ಬೈಕಿನ ಮೇಲೆ ತರುಣನೊಬ್ಬ ನಿಂತಿದ್ದ. ಅವನು ಬೈಕನ್ನೂ, ಹಿಂದೆ ಸೇವಂತಿಯನ್ನು ಮರೆಮಾಡಿದ್ದ ಪೆಟ್ಟಿಗೆಗಳನ್ನೂ ಮೆಚ್ಚುಗೆಯಿಂದ ನೋಡಿ ಕೇಳಿದ:

"ಲಾಂಗ್ ರೈಡ್, ಅಂಕಲ್? ಸೋಲೋ?"

ದೂಜಣ್ಣ ಹೆಲ್ಮೆಟ್ಟಿನ ಗಾಜು ಎತ್ತಿ, "ಹಾಂ. ಸೋಲೋ," ಎಂದರು.

ಹಿಂದೆ ಹಗ್ಗ ಬಿಗಿಯಾಯಿತು. ಕಾಲಡಿಯಲ್ಲಿ ಮಣೆ ಅಲುಗಿತು. ಸಿಗ್ನಲ್ ಇನ್ನೂ ಕೆಂಪಾಗಿತ್ತು.

"ಇಬ್ರು!" ಎಂದು ದೂಜಣ್ಣ ಕೂಗಿದರು. "ಇಬ್ರು, ಇಬ್ರು!"

ಮಣೆ ಮತ್ತೆ ನೆಲಕ್ಕೆ ಕೂತಿತು.